ಬೋರ್ಡಿನ ಮೇಲೆ ಬರೆದ ಮಾತು

ಪುಣೆಯಲ್ಲಿ ಹೋಟೆಲು ತೆರೆಯಲು ಹೊರಟಿರುವ ಕುಂದಾಪುರದ ಕಡೆಯ ಗೆಳೆಯರೊಬ್ಬರು ಕಳೆದ ತಿಂಗಳು ನನ್ನ ಮುಂದೆ ಒಂದು ಹಾಳೆ ಇಟ್ಟರು. ಹೆಸರಿಡುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಯೊಂದು ದುಡ್ಡು ತೆಗೆದುಕೊಂಡು ಮಾಡಿಕೊಟ್ಟ ಹನ್ನೆರಡು ಹೆಸರುಗಳ ಪಟ್ಟಿ. 'ಸೌತ್' ಇತ್ತು, 'ಸ್ಪೈಸ್' ಇತ್ತು, 'ಲೀಫ್' ಇತ್ತು. ಅವನ್ನೇ ಹಿಂದೆ ಮುಂದೆ ಮಾಡಿ ಜೋಡಿಸಿದ್ದರು. "ನೀವು ಕತೆ ಕವಿತೆಗೆಲ್ಲ ವಿಮರ್ಶೆ ಬರೀತೀರಲ್ಲ, ಇದಕ್ಕೂ ಒಂದು ಬರೀರಿ ಮಾರಾಯ್ರೆ" ಎಂದರು.

"ಉಡುಪಿ ಅಂತ ಇಟ್ಟರಾಯಿತಲ್ಲ?" ಎಂದೆ.

"ಅದೊಂದು ಬೇಡ" ಎಂದರು. ಕಾರಣ ಹೇಳಲಿಲ್ಲ.

ತಮಾಷೆಗೆ ಹೇಳಿದ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಒಂದೆರಡು ಪದಗಳಲ್ಲಿ ಅಪರಿಚಿತನೊಬ್ಬನ ನಂಬಿಕೆ ಗಳಿಸಬೇಕಾದ ಬರಹ ವಿಮರ್ಶೆಗೆ ಯೋಗ್ಯವಲ್ಲ ಎನ್ನುವುದು ಹೇಗೆ?

ಪಟ್ಟಿಯ ತಲೆಯ ಮೇಲೆ ಸಂಸ್ಥೆಯವರು ಮೂರು ಸೂತ್ರ ಬರೆದಿದ್ದರು. ಹೆಸರು ಚಿಕ್ಕದಿರಬೇಕು, ಎಲ್ಲ ಭಾಷೆಯವರ ನಾಲಿಗೆಗೂ ಸುಲಭವಾಗಬೇಕು, ಬೇರೆ ಯಾರ ಹತ್ತಿರವೂ ಇರಬಾರದು. ತಪ್ಪೇನಿಲ್ಲ. ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಹೆಸರಿಡುವಾಗಲೂ ಇದೇ ಸೂತ್ರ ಹಿಡಿದವರು. 'ಟೈಟನ್' ಹುಟ್ಟಿದ್ದೂ ಇಂಥ ಜಾಣತನದಿಂದಲೇ. ಟಾಟಾ ಇಂಡಸ್ಟ್ರೀಸ್‌ನ ಮೊದಲಕ್ಷರಗಳಿಗೆ ತಮಿಳುನಾಡಿನದನ್ನು ಸೇರಿಸಿ ಕಟ್ಟಿದ ಹೆಸರು, ಗ್ರೀಕ್ ಪುರಾಣದ ದೈತ್ಯರ ಹೆಸರೂ ಆಗಿ ಕೂತಿತು.

ಆದರೆ ಟೈಟನ್‌ಗಿಂತ ಮೊದಲು ದೇಶದ ಕೈಮೇಲೆ ಇದ್ದದ್ದು ಎಚ್‌ಎಂಟಿ. ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಹುಟ್ಟಿದ್ದು ಕಾರ್ಖಾನೆಗಳಿಗೆ ಬೇಕಾದ ಯಂತ್ರ ಮಾಡಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದಾಗಲೂ ಅದೇ ಮೂರು ಅಕ್ಷರ ಮುಂದುವರಿಯಿತು. ಗಡಿಯಾರಕ್ಕೂ ಆ ಅಕ್ಷರಗಳಿಗೂ ಸಂಬಂಧವೇ ಇಲ್ಲ. ಆದರೂ ಆ ಹೆಸರು ಎಲ್ಲಿಯವರೆಗೆ ಹೋಯಿತೆಂದು ತಿಳಿಯಬೇಕಾದರೆ ಪುಣೆಯ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಕೇಳಬೇಕು. 'ಎಚ್‌ಎಂಟಿ ಕೋಲಮ್' ಎಂದು ತೋರಿಸುತ್ತಾರೆ. ಬಾಡಿಗೆ ರೂಮಿನ ಕುಕ್ಕರಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಅದನ್ನೇ ಬೇಯಿಸಿಕೊಂಡಿದ್ದೇವೆ.

ಚಂದ್ರಪುರ ಜಿಲ್ಲೆಯ ಸಣ್ಣ ರೈತ ದಾದಾಜಿ ಖೋಬ್ರಾಗಡೆ 1980ರ ದಶಕದಲ್ಲಿ ತಮ್ಮ ಗದ್ದೆಯಲ್ಲಿ ಬೇರೆ ಥರ ಕಂಡ ತೆನೆಗಳನ್ನು ಆರಿಸಿಟ್ಟು, ವರ್ಷ ವರ್ಷ ಬಿತ್ತಿ, ಒಂದು ಭತ್ತದ ತಳಿ ಮಾಡಿದರು. ಆಗ ಜನರ ಮೆಚ್ಚಿನ ಗಡಿಯಾರದ ಹೆಸರೇ ಅದಕ್ಕೆ ಬಂತು. ಒಂದು ಹೆಸರಿಗೆ ಇದಕ್ಕಿಂತ ದೊಡ್ಡ ಗೆಲುವು ಇರಲಾರದು: 'ಇದು ನಂಬಿಕೆಯ ಮಾಲು' ಎಂದು ಹೇಳಲು ಜನ ಅದನ್ನು ಎರವಲು ತಂದರು. ಎಚ್‌ಎಂಟಿ ಎಂದರೆ ಏನೆಂದು ಯಾರೂ ಕೇಳಲಿಲ್ಲ. ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು, ಅಷ್ಟು ಸಾಕಾಯಿತು. 2016ರಲ್ಲಿ ಸರ್ಕಾರ ಗಡಿಯಾರದ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಅಕ್ಕಿ ಉಳಿದಿದೆ. ಖೋಬ್ರಾಗಡೆ ಬಡತನದಲ್ಲೇ ಇದ್ದು 2018ರಲ್ಲಿ ತೀರಿಕೊಂಡರು. ಅವರು ಮಾಡಿದ ಅಕ್ಕಿಯ ಮೇಲೆ ಗಡಿಯಾರದ ಹೆಸರಿದೆ, ಅವರದಿಲ್ಲ.

ಹಾಗಾಗಿ ಸಂಸ್ಥೆಯ ಮೂರು ಸೂತ್ರಗಳನ್ನು ಬದಿಗಿಟ್ಟು ಎರಡು ಪ್ರಶ್ನೆ ಬರೆದುಕೊಂಡೆ. ಈ ಹೆಸರು ಕೊಡುವ ಮಾತು ಏನು? ಆ ಮಾತನ್ನು ಉಳಿಸಿಕೊಡುವ ಕೈ ಯಾರದು?

ಮೊದಲನೆಯದಕ್ಕೆ ಒಳ್ಳೆಯ ಉತ್ತರ ಇರುವ ಹೆಸರುಗಳು ನಮ್ಮ ನಡುವೆಯೇ ಇವೆ. 'ಮೈಸೂರ್ ಸ್ಯಾಂಡಲ್' ಎಂಬುದನ್ನು ಇವತ್ತು ಹೊಸದಾಗಿ ಸೂಚಿಸಿದರೆ, ಸ್ಯಾಂಡಲ್ ಎಂದರೆ ಚಪ್ಪಲಿ ಎಂದುಕೊಂಡಾರು ಎಂದು ಸಭೆಯಲ್ಲೇ ತಳ್ಳಿಹಾಕುತ್ತಿದ್ದರು. ಆದರೆ ಅದರ ಎರಡು ಪದಗಳೂ ಮಾತು ಕೊಡುತ್ತವೆ, ಹೊದಿಕೆ ಬಿಚ್ಚಿದ ಕೂಡಲೇ ಮೂಗು ಪರೀಕ್ಷೆ ಮಾಡಿಬಿಡುತ್ತದೆ. ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ, ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ಶುರು ಮಾಡಿದ ಐಸ್‌ಕ್ರೀಮಿಗೆ 'ನ್ಯಾಚುರಲ್ಸ್' ಎಂದು ಹೆಸರು. ಪದ ಇಂಗ್ಲಿಷಿನದು, ನನ್ನ ತಕರಾರಿಲ್ಲ. ಸೀತಾಫಲ ಎಂದು ಕೇಳಿದರೆ ಬಾಯಿಗೆ ಸೀತಾಫಲದ ತಿರುಳೇ ಸಿಗುತ್ತದೆ. ಹೆಸರು ಹೇಳಿದ್ದನ್ನು ನಾಲಿಗೆ ಒಪ್ಪುತ್ತದೆ. ಗೆಳೆಯರ ಹಾಳೆಯ ಹನ್ನೆರಡೂ ಹೆಸರುಗಳು ಸೋಲುವುದು ಇಲ್ಲೇ. ಅವು ಯಾವ ಮಾತನ್ನೂ ಕೊಡುವುದಿಲ್ಲ, ಆದ್ದರಿಂದ ಯಾವ ಮಾತಿಗೂ ತಪ್ಪುವುದಿಲ್ಲ.

ಇನ್ನು 'ಉಡುಪಿ'. ಸೂತ್ರದ ಪ್ರಕಾರ ಇದು ಗೆಲ್ಲಲೇಬಾರದಿದ್ದ ಹೆಸರು. ಮಾಟುಂಗಾ ಸ್ಟೇಷನ್ನಿನ ಹತ್ತಿರ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಎಲೆ ಊಟಕ್ಕೆ ಜನ ಕಾಯುತ್ತಾರೆ. ಆದರೆ ಮುಂಬಯಿಯಲ್ಲಿ 'ಉಡುಪಿ' ಒಂದು ಹೋಟೆಲಿನ ಹೆಸರಲ್ಲ, ಒಂದು ಬಗೆಯ ಹೋಟೆಲಿನ ಹೆಸರು. ಅದಕ್ಕೆ ಒಬ್ಬ ಒಡೆಯನಿಲ್ಲ. ಯಾವ ಬೀದಿಯಲ್ಲಿ ಯಾರು ಬೇಕಾದರೂ ಬರೆದುಕೊಳ್ಳಬಹುದು. ಬೇರೆಯವರ ಹತ್ತಿರ ಇರಬಾರದು ಎನ್ನುವ ಸೂತ್ರ ಇಲ್ಲಿ ತಲೆಕೆಳಗಾಗಿದೆ. ಎಲ್ಲರ ಹತ್ತಿರ ಇದ್ದದ್ದರಿಂದಲೇ ಅದು ಬೆಳೆಯಿತು. ಊರಿಗೆ ಹೊಸಬನಾದ ಗುಮಾಸ್ತನಿಗೆ ಆ ಮೂರಕ್ಷರ ಹೇಳುತ್ತಿದ್ದದ್ದು ಇಷ್ಟು: ಸಸ್ಯಾಹಾರ, ತೊಳೆದ ಮೇಜು, ಬಿಸಿ ತಿಂಡಿ, ನಿನ್ನ ಜೇಬಿಗೆ ಎಟಕುವ ಬಿಲ್ಲು.

ಅದರೊಳಗೆ ಇನ್ನೊಂದು ಮಾತೂ ಇತ್ತು. ಕೃಷ್ಣಮಠದ ಊರಿನ ಹೆಸರು ಮಡಿಗೆ ಜಾಮೀನು ನಿಂತಿತ್ತು. ಒಲೆಯ ಮುಂದೆ ಇರುವವರು ಬ್ರಾಹ್ಮಣರು ಎಂದು ಗಿರಾಕಿ ತಾನೇ ತಿಳಿದುಕೊಳ್ಳುತ್ತಿದ್ದ. ಮದ್ರಾಸಿನಲ್ಲಿ ಕೆಲವರು ಇದನ್ನು ಬೋರ್ಡಿನ ಮೇಲೆ ಬರೆದೇ ಬಿಟ್ಟಿದ್ದರು. ತಿರುವಲ್ಲಿಕೇಣಿಯ ಅಂಥ ಒಂದು ಹೋಟೆಲಿನ ಫಲಕದಿಂದ 'ಬ್ರಾಹ್ಮಣ' ಪದ ತೆಗೆಸಲು 1957ರಲ್ಲಿ ಪೆರಿಯಾರರ ಕಡೆಯವರು ಚಳವಳಿ ಹೂಡಿ ಜೈಲಿಗೆ ಹೋದರು. 'ಉಡುಪಿ'ಯಲ್ಲಿ ಅಳಿಸುವುದಕ್ಕೆ ಅಂಥ ಪದವೇ ಇಲ್ಲ. ಅದರ ಶಕ್ತಿಯೂ ಅದೇ, ಕೇಡೂ ಅದೇ. ಹೇಳದೆ ಬಿಟ್ಟದ್ದರಿಂದ ಮುಂದೆ ಬಂಟರೂ ಕರಾವಳಿಯ ಇತರರೂ ಅದೇ ಬೋರ್ಡು ಹಾಕಿ ಗಲ್ಲೆಯ ಮೇಲೆ ಕೂರಲು ಸಾಧ್ಯವಾಯಿತು. ಪಾವ್‌ಭಾಜಿ, ಚೈನೀಸ್ ಎಲ್ಲವೂ ಅದರಡಿ ಬಂದವು. ಹೇಳದೆ ಬಿಟ್ಟದ್ದರಿಂದಲೇ ಹಳೆಯ ಮಡಿಯ ಲೆಕ್ಕವನ್ನು ಯಾರೂ ಎದುರುನಿಂತು ಕೇಳಲಿಲ್ಲ.

ಇಷ್ಟನ್ನು ಟಿಪ್ಪಣಿ ಮಾಡಿಕೊಂಡು ಗೆಳೆಯರ ಮನೆಗೆ ಹೋದೆ. 'ಉಡುಪಿ'ಯೇ ಸರಿ, ದೋಷವಿದ್ದರೂ ಅಷ್ಟು ದುಡಿದ ಹೆಸರು ಇನ್ನೊಂದಿಲ್ಲ ಎಂದು ವಾದಿಸುವ ಉತ್ಸಾಹದಲ್ಲಿದ್ದೆ. ಅವರು ಎಲ್ಲ ಕೇಳಿಸಿಕೊಂಡರು.

"ನಮ್ಮಪ್ಪ ಹನ್ನೊಂದು ವರ್ಷಕ್ಕೆ ಮುಂಬಯಿಗೆ ಬಂದದ್ದು. ಹಗಲು ತಟ್ಟೆ ತೊಳೆಯೂದು, ರಾತ್ರಿ ಕನ್ನಡ ರಾತ್ರಿಶಾಲೆ, ಮತ್ತೆ ಮೇಜಿನ ಮೇಲೇ ನಿದ್ದೆ. ಬೋರ್ಡಿನಲ್ಲಿ ಉಡುಪಿ ಅಂತಲೇ ಇತ್ತು. ಅಡುಗೆಮನೆ ಹೊಸ್ತಿಲು ದಾಟ್ಲಿಕ್ಕೆ ಮಾತ್ರ ಕಡೆಯವರೆಗೂ ಬಿಡ್ಲಿಲ್ಲ. ನೀವು ಹೇಳಿದ್ದೆಲ್ಲ ಸರಿ ಇರಬಹುದು. ಆದ್ರೆ ಆ ಹೆಸರು ನಂಗೆ ಬೇಡ."

ನನ್ನ ಎರಡನೆಯ ಪ್ರಶ್ನೆಯನ್ನು ನಾನು ಅಕ್ಕಿಗೆ ಕೇಳಿದ್ದೆ, ನಮ್ಮವರ ಹೋಟೆಲಿಗೆ ಕೇಳಿರಲಿಲ್ಲ. 'ಉಡುಪಿ' ಕೊಟ್ಟ ಮಾತಿನಲ್ಲಿ ತೊಳೆದ ತಟ್ಟೆಯೂ ಒಂದು. ಅದನ್ನು ದಿನವೂ ಉಳಿಸಿಕೊಟ್ಟವರು ಇಂಥ ಹುಡುಗರು. ಅವರ ಬೆವರು ಸೇರಿದಷ್ಟೂ ಹೆಸರು ಹೊಳೆಯಿತು, ಹೊಳೆದಷ್ಟೂ ಅವರು ಕಾಣಿಸದಾದರು. ಹೆಸರು ಪರಿಣಾಮಕಾರಿ ಎಂದು ನಾವು ಹೊಗಳುವಾಗ ಇದೂ ಆ ಪರಿಣಾಮದ ಭಾಗ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಅವರು ಆರಿಸಿಕೊಂಡದ್ದು ಅಪ್ಪ ಬಿಟ್ಟುಬಂದ ಹಳ್ಳಿಯ ಹೆಸರು. ಬೋರ್ಡು ಏರುವ ತನಕ ಎಲ್ಲೂ ಬರೆಯಬಾರದೆಂದು ಹೇಳಿದ್ದಾರೆ. ನಾಲ್ಕಕ್ಷರ, ನಡುವೆ ಒಂದು ಳಕಾರ. ಹಿಂದಿಯವರಿಗೆ ಕಷ್ಟ ಎಂದು ಸಂಸ್ಥೆಯವರು ಮುಖ ಸಿಂಡರಿಸಿದರಂತೆ. ಆದರೆ ಪುಣೆಯಲ್ಲಿ ಚಿಂತೆಯಿಲ್ಲ, ಮರಾಠಿಯಲ್ಲಿ ಳ ಇದೆ. ನಿಯಮದಂತೆ ಮೇಲೆ ಮರಾಠಿ ಇರುತ್ತದೆ, ಕೆಳಗೆ ಕನ್ನಡ.

"ಆ ಊರು ಯಾರಿಗೆ ಗೊತ್ತು?" ಎಂದು ನಾನೇ ಕೇಳಿದೆ.

"ಎಚ್‌ಎಂಟಿ ಅಂದ್ರೆ ಎಂತ ಅಂತ ಯಾರಿಗೆ ಗೊತ್ತಿತ್ತು?"

ನನ್ನ ವಾದವನ್ನೇ ನನಗೆ ತಿರುಗಿಸಿದರು. ಆ ನಾಲ್ಕಕ್ಷರಕ್ಕೆ ಈಗ ಪುಣೆಯಲ್ಲಿ ಯಾವ ಅರ್ಥವೂ ಇಲ್ಲ. ಮೊದಲ ದಿನದ ನೀರುದೋಸೆಯಿಂದ ಅರ್ಥ ಶುರುವಾಗಬೇಕು. ನಾನು ಕೊಟ್ಟ ಸಲಹೆ ಒಂದೇ. ಒಳಗೆ ಗಲ್ಲೆಯ ಪಕ್ಕದಲ್ಲಿ ಒಂದು ಕಪ್ಪುಹಲಗೆ ಇಟ್ಟು, ಆ ದಿನ ದೋಸೆ ಹೊಯ್ಯುವವರ, ತಟ್ಟೆ ತೊಳೆಯುವವರ ಹೆಸರನ್ನೂ ಬರೆಸಿ ಎಂದೆ.

"ನೋಡುವ" ಎಂದಿದ್ದಾರೆ.