ಸಮಭಾವ ಯಾರ ನಷ್ಟಕ್ಕೆ? ‘ಭರತೇಶ ವೈಭವ’ವನ್ನು ಓದಿದ ಬಳಿಕ

ಗೃಹಸ್ಥನಾಗಿದ್ದುಕೊಂಡೇ ಯೋಗಿಯಾಗಿರಲು ಸಾಧ್ಯವೇ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಅತ್ಯಂತ ಉತ್ಸಾಹದಿಂದ ‘ಸಾಧ್ಯ’ವೆಂದು ಉತ್ತರಿಸಿದ ಕವಿ ಮೂಡಬಿದಿರೆಯ ರತ್ನಾಕರವರ್ಣಿ. 16ನೆಯ ಶತಮಾನದ ಆತನ ಸಾಂಗತ್ಯಕಾವ್ಯ ‘ಭರತೇಶ ವೈಭವ’ದಲ್ಲಿ ಚಕ್ರವರ್ತಿ ಭರತನು ರಾಜ್ಯವನ್ನಾಳುತ್ತಲೇ, ಅರಮನೆಯ ಸಕಲ ಸುಖಗಳ ನಡುವೆಯೇ ಆತ್ಮಧ್ಯಾನದಲ್ಲಿ ತೊಡಗುತ್ತಾನೆ. ಕಳೆದ ಚಾತುರ್ಮಾಸ್ಯದಲ್ಲಿ ಬೀದರ ನಗರದ ನಮ್ಮ ಸ್ವಾಧ್ಯಾಯ ಕೂಟವು ಈ ಕಾವ್ಯವನ್ನು ಕೈಗೆತ್ತಿಕೊಂಡಿತು. ಅಂಗಡಿ, ಕಚೇರಿ, ಮನೆವಾರ್ತೆಗಳಲ್ಲಿ ಮುಳುಗಿದ ನಮ್ಮಂಥವರಿಗೆ ಇಂಥ ನಾಯಕ ಪ್ರಿಯನಾದುದರಲ್ಲಿ ಆಶ್ಚರ್ಯವೇನಿಲ್ಲ.

ಒಂದು ಸಂಜೆ ಭಾಲ್ಕಿಯಿಂದ ಬರುತ್ತಿದ್ದ ಹಿರಿಯ ಧಾನ್ಯವ್ಯಾಪಾರಿಯೊಬ್ಬರು ತಮ್ಮ ಅನುಭವವನ್ನು ಹೇಳಿದರು. ಔರಾದ ಕಡೆಯ ರೈತನೊಬ್ಬ ಅವರಲ್ಲಿ ಮುಂಗಡ ಪಡೆದು ಉದ್ದು ಬಿತ್ತಿದ್ದ. ರಾಶಿಯ ಹೊತ್ತಿಗೆ ಬಿಡದೆ ಸುರಿದ ಮಳೆಗೆ ಕಾಯಿ ಕಪ್ಪಾಗಿ ಹೊಲದಲ್ಲೇ ಮೊಳೆಯಿತು. ಬಡ್ಡಿಯನ್ನಾದರೂ ಬಿಡಿರೆಂದು ಆತ ಬೇಡಿಕೊಂಡಾಗ ಇವರು, ‘ನೋಡಪ್ಪಾ, ಲಾಭ ನಷ್ಟ ಎಲ್ಲಾ ಕರ್ಮದ ಫಲ. ಸಮಭಾವದಿಂದ ತಗೋಬೇಕು’ ಎಂದರಂತೆ. ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ, ಬಡ್ಡಿಯನ್ನೂ ಬಿಡಲಿಲ್ಲ. ಭರತೇಶನಂತೆ ಅಲಿಪ್ತನಾಗಿದ್ದೆನೆಂಬ ತೃಪ್ತಿ ಅವರ ಮಾತಿನಲ್ಲಿತ್ತು. ನಾವೆಲ್ಲ ತಲೆಯಾಡಿಸಿದೆವು, ಈ ಲೇಖಕನೂ ಆಡಿಸಿದನು. ಆ ತಲೆಯಾಡಿಸುವಿಕೆಯೇ ಈ ಬರಹಕ್ಕೆ ಕಾರಣ.

ಶಾಸ್ತ್ರ ಹೇಳುವುದು ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿಗೆ ನಾಲ್ಕು ಭಾವನೆಗಳನ್ನು ವಿಧಿಸಿದೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದ ಅವಿನೀತರಲ್ಲಿ ಮಾಧ್ಯಸ್ಥ್ಯ. ಪತಂಜಲಿಯ ಯೋಗಸೂತ್ರದ ಮೊದಲನೆಯ ಪಾದವೂ ಇದೇ ರೀತಿ ದುಃಖಿಗಳ ವಿಷಯದಲ್ಲಿ ಕರುಣೆಯನ್ನೂ ಪಾಪಿಗಳ ವಿಷಯದಲ್ಲಿ ಉಪೇಕ್ಷೆಯನ್ನೂ ಹೇಳುತ್ತದೆ. ಎರಡು ದರ್ಶನಗಳು ಅನೇಕ ಕಡೆ ಬೇರೆಯಾದರೂ ಇಲ್ಲಿ ಒಂದಾಗಿವೆ. ಮಾಧ್ಯಸ್ಥ್ಯವನ್ನು ನೊಂದವನ ಮೇಲೆ ಪ್ರಯೋಗಿಸಲು ಯಾವ ಗ್ರಂಥವೂ ಅನುಮತಿ ಕೊಟ್ಟಿಲ್ಲ. ನನ್ನ ಲಾಭನಷ್ಟಗಳನ್ನು ಸಮವಾಗಿ ಕಾಣುವುದು ಸಾಧನೆ. ಪರರ ನಷ್ಟವನ್ನು ಸಮವಾಗಿ ಕಾಣುವುದು ಕೇವಲ ಕಾಠಿಣ್ಯ. ಮೇಲಿನ ವ್ಯವಹಾರದಲ್ಲಿ ನಷ್ಟ ಯಾರದು? ವ್ಯಾಪಾರಿಯದಂತೂ ಅಲ್ಲ.

ಇನ್ನೊಂದು ಮಾತು. ಜೈನ ಪರಿಭಾಷೆಯಲ್ಲಿ ‘ಯೋಗ’ವೆಂದರೆ ಮೂಲತಃ ಮನ, ವಚನ, ಕಾಯಗಳ ಚಲನೆ, ಕರ್ಮವು ಒಳಬರುವ ದಾರಿ. ಹಾಗಿರುವಾಗ ಎರಡು ಘಳಿಗೆ, ಅಂದರೆ 48 ನಿಮಿಷ, ಸಾಮಾಯಿಕದಲ್ಲಿ ಕುಳಿತೆದ್ದ ಮೇಲೆ ಯೋಗ ಮುಗಿಯಿತೆನ್ನುವಂತಿಲ್ಲ. ಖಾತೆ ಬರೆಯುವ ಕೈಯೂ ಯೋಗದಲ್ಲಿಯೇ ಇದೆ.

ಈಗ ಕಾವ್ಯಕ್ಕೆ ಬರೋಣ. ಪಂಪನ ‘ಆದಿಪುರಾಣ’ದಲ್ಲಿ (ಕ್ರಿ.ಶ. 941) ಭರತನು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲೂ ತಮ್ಮನಿಗೆ ಸೋತು, ಕ್ರೋಧದಿಂದ ಚಕ್ರವನ್ನೇ ಪ್ರಯೋಗಿಸುತ್ತಾನೆ. ರತ್ನಾಕರನು ಈ ಪ್ರಸಂಗವನ್ನು ಬದಲಿಸಿದ್ದಾನೆ. ಅವನ ಭರತನು ಸೌಮ್ಯವಚನಗಳಿಂದಲೇ ಬಾಹುಬಲಿಯ ಮನಸ್ಸನ್ನು ತಿರುಗಿಸುತ್ತಾನೆ, ಯುದ್ಧ ನಡೆಯುವುದಿಲ್ಲ. ಈ ಮಾರ್ಪಾಡು ಅಹಿಂಸೆಯ ಗೆಲುವೆಂದು ಅನೇಕರು ಮೆಚ್ಚಿದ್ದಾರೆ. ನನಗೆ ಮಾತ್ರ ಇಲ್ಲೊಂದು ಕೊರತೆ ಕಾಣುತ್ತದೆ. ಸೋಲನ್ನೇ ಅರಿಯದ ನಾಯಕನ ಸಮತೆಗೆ ಒರೆಗಲ್ಲು ಯಾವುದು? ಪಂಪನ ಭರತನು ತನ್ನ ಕೈಯಿಂದ ಹೊರಟ ಚಕ್ರವು ತಮ್ಮನನ್ನು ಬಲಗೊಂಡು ನಿಂತುದನ್ನು ಕಂಡು ನಾಚುತ್ತಾನೆ. ಆ ನಾಚಿಕೆ ಗೃಹಸ್ಥನಿಗೆ ಹತ್ತಿರದ್ದು. ರತ್ನಾಕರನ ಚಕ್ರವರ್ತಿಯನ್ನು ಓದಿದ ನಮಗೆ ತೃಪ್ತಿಯಾಗುತ್ತದೆ, ನಾಚಿಕೆಯಾಗುವುದಿಲ್ಲ. ಭರತನ ಔದಾರ್ಯವನ್ನು ಕವಿ ಧಾರಾಳವಾಗಿ ವರ್ಣಿಸಿದ್ದಾನೆಂಬುದು ನಿಜ. ಆದರೆ ನಮ್ಮ ಕೂಟ ಅಲಿಪ್ತತೆಯನ್ನಷ್ಟೇ ಎತ್ತಿಕೊಂಡು ಔದಾರ್ಯವನ್ನು ಪುಸ್ತಕದಲ್ಲೇ ಬಿಟ್ಟಿತು; ಆ ದೋಷ ಕವಿಯದಲ್ಲ.

ಸಮಚಿತ್ತವೆಂದರೆ ನಿಷ್ಕ್ರಿಯತೆಯಲ್ಲ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ 1890ರಲ್ಲಿ ಜನಿಸಿ, ಭಾಲ್ಕಿ ಹಿರೇಮಠದ ಪೀಠದಲ್ಲಿದ್ದು, 1999ರಲ್ಲಿ ಲಿಂಗೈಕ್ಯರಾದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಅನ್ಯ ಸಂಪ್ರದಾಯದ ಶಿವಯೋಗಿಗಳು. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಕಥೆ ಈ ಸೀಮೆಯಲ್ಲಿ ಮನೆಮಾತು. ಕನ್ನಡದ ಮಕ್ಕಳ ಸ್ಥಿತಿಯನ್ನು ಅವರು ಕರ್ಮಫಲವೆಂದು ಮಾಧ್ಯಸ್ಥ್ಯದಿಂದ ನೋಡುತ್ತ ಕುಳಿತಿದ್ದರೆ ಈ ಪತ್ರಿಕೆಯನ್ನು ಓದಬಲ್ಲವರು ಇಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ.

ಇದನ್ನೆಲ್ಲ ಮರುವಾರದ ಕೂಟದಲ್ಲಿ ಅಳುಕುತ್ತಲೇ ನಿವೇದಿಸಿಕೊಂಡೆ. ಭಾಲ್ಕಿಯ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಕಾರುಣ್ಯ ಮತ್ತು ಮಾಧ್ಯಸ್ಥ್ಯಗಳ ಆ ಸೂತ್ರವನ್ನು ಮತ್ತೊಮ್ಮೆ ಅರ್ಥಸಹಿತ ಓದಿಸಿಕೊಂಡರು. ಮುಂದಿನ ವಾಚನಕ್ಕೆ ಪಂಪನ ಭರತ ಬಾಹುಬಲಿ ಪ್ರಸಂಗವೇ ಇರಲೆಂದು ಸೂಚಿಸಿದವರೂ ಅವರೇ.