ಅಮಾಸೆ ರಾತ್ರಿಗೆ ಯಾವ ಭೂತ?

ಅಕ್ಟೋಬರ್ 31 ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳು ತಲೆಬುರುಡೆ ಮುಖವಾಡ ಹಾಕಿ ಚಾಕಲೇಟು ಬೇಡುತ್ತಾರೆ. ಹ್ಯಾಲೋವೀನ್ ಅಂತೆ. 2024ರಲ್ಲಿ ಅದೇ ದಿನ ನರಕ ಚತುರ್ದಶಿ ಬಿದ್ದಿತ್ತು. ಆ ಹಬ್ಬವನ್ನು ಹಳಿಯುವ ಉಮೇದು ನನಗಿಲ್ಲ. ಹೆದರುವ ಖುಷಿ ಎಲ್ಲ ಊರಿನ ಮಕ್ಕಳಿಗೂ ಇದೆ. ಆದರೆ ಹೆಸರಲ್ಲೇ ಅಮಾಸೆ ಹೊತ್ತ ಅಮಾಸೆಬೈಲಿನಲ್ಲಿ, ಘಟ್ಟದ ಬುಡದ ಈ ಕಾಡುಬದಿಯ ಊರಿನಲ್ಲಿ, ನಾಲ್ಕು ಜನ ಕೂತು ಒಂದು ಭಯದ ಸಿನಿಮಾ ನೋಡುವುದಾದರೆ ಯಾವುದನ್ನು ನೋಡಬೇಕು?

ಇಲ್ಲಿ ಮನೆಮನೆಗೆ ಸೋಲಾರ್ ದೀಪ ಬಂದಿದೆ. ದೀಪ ಬಂದ ಮೇಲೆ ಹಾಲೆಮರದ ಪಿಶಾಚಿಗೂ ಕೊಳ್ಳಿದೆವ್ವಕ್ಕೂ ಕೆಲಸ ಕಡಿಮೆಯಾಯಿತು. ದೀಪಕ್ಕೆ ಹೆದರದ ಭೂತಗಳು ಮಾತ್ರ ಉಳಿದುಕೊಂಡವು. ನನ್ನ ಮಟ್ಟಿಗೆ ಒಳ್ಳೆಯ ಭಯದ ಸಿನಿಮಾ ಅಂದರೆ ಈ ಎರಡನೇ ಜಾತಿಯ ಭೂತವನ್ನು ತೋರಿಸುವಂಥದ್ದು.

ಗಾಂಧಿನಗರದವರಿಗೆ ಅದು ಬೇಕಿಲ್ಲ. ಕದ ಕಿರ್ರೆನ್ನಬೇಕು, ಬಿಳಿ ಸೀರೆ ಹಾರಬೇಕು, ಹಿಂದಿನಿಂದ ಢಮಾರ್ ಅನ್ನಬೇಕು. ಬೆಚ್ಚಿಬೀಳುವುದೇ ಬೇರೆ, ಹೆದರುವುದೇ ಬೇರೆ. 'ಆಪ್ತಮಿತ್ರ' (2004) ನೋಡಿ. ನರ್ತಕಿ ನಾಗವಲ್ಲಿಯನ್ನು ಕೊಂದವನು ಒಬ್ಬ ರಾಜ. ಆದರೆ ಇಡೀ ಸಿನಿಮಾ ನಾವು ಹೆದರುವುದು ಯಾರಿಗೆ? ಕೊಂದವನಿಗಲ್ಲ, ಸತ್ತವಳಿಗೆ! ಬದುಕಿದ್ದಾಗ ನ್ಯಾಯ ಕೇಳಲಾರದ ಹೆಣ್ಣು ಸತ್ತ ಮೇಲೆ ಕೇಳಿದರೆ ಅದಕ್ಕೆ ದೆವ್ವ ಅಂತ ಹೆಸರು. ಇದರ ಮೂಲವಾದ ಮಲಯಾಳದ 'ಮಣಿಚಿತ್ರತ್ತಾಳ್' (1993) ಇಷ್ಟು ಗದ್ದಲ ಮಾಡುವುದಿಲ್ಲ, ಅದಕ್ಕೇ ಹೆಚ್ಚು ಹೆದರಿಸುತ್ತದೆ.

ಇನ್ನು 'ಕಾಂತಾರ' (2022). ನಮ್ಮದೇ ತಾಲೂಕಿನ ಕೆರಾಡಿಯ ರಿಷಬ್ ಶೆಟ್ಟಿ ಮಾಡಿದ್ದು. ಆ ಕೂಗಿಗೆ ಥಿಯೇಟರು ನಡುಗಿತು, ನಿಜ. ನನಗೆ ಮಾತ್ರ ಅಚ್ಯುತ್ ಕುಮಾರ್ ಮಾಡಿದ ಒಡೆಯನ ಮೆದು ಮಾತೇ ಹೆಚ್ಚು ಹೆದರಿಸಿತು. ದೈವ ಕಟ್ಟುವ ಗುರುವನನ್ನು ಕೊಲ್ಲುವವನು ಅವನೇ. ಆದರೆ ಭೂಮಿಯ ಜಗಳ ಬಿಡಿಸಲು ಕಡೆಗೆ ದೈವವೇ ಮೈಮೇಲೆ ಬರಬೇಕಾಯಿತು. ಕಥೆ ನಡೆಯುವುದು 1990ರಲ್ಲಿ. 1974ರ ಭೂಸುಧಾರಣೆಯ ನಂತರ ಡಿಕ್ಲರೇಷನ್ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತ ಗೇಣಿಯವರು, ಒಡೆಯನ ಮುಖ ನೋಡಿ ಗಂಟಲು ಒಣಗಿದ ಸಾಕ್ಷಿಗಳು, ಇವರು ಆ ಕಥೆಗೆ ಬೇಕಾಗಲಿಲ್ಲ. ಹೆದ್ರುದ್ ಭೂತಕ್ಕಲ್ಲ ಮಾರಾಯ್ರೆ, ಒಡೇರಿಗೆ.

ಹಾಗಾದರೆ ನೋಡುವುದೇನು? ಮೊದಲು 'ಚೋಮನ ದುಡಿ' (1975). ಇದು ಹಾರರ್ ಪಿಚ್ಚರಾ ಎಂದು ನಗಬೇಡಿ. ಕೋಟದ ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಚೋಮನ ಕಿರಿಮಗ ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಬಾರದ ಜಾತಿಯ ಹುಡುಗ. ಮುಟ್ಟಿ ಎತ್ತಿದರೆ ಮೈಲಿಗೆ. ಹುಡುಗ ಸಾಯುತ್ತಾನೆ. ರಾತ್ರಿಯಲ್ಲ, ಮಾಟವಿಲ್ಲ, ಮಂತ್ರವಿಲ್ಲ. ದಡದಲ್ಲಿ ನಿಂತವರಿಗೆ ಕೋರೆಹಲ್ಲಿಲ್ಲ. ಸಂಜೆ ಮನೆಗೆ ಹೋಗಿ ಮಕ್ಕಳಿಗೆ ಅನ್ನ ಕಲಸಿಕೊಡುವ ಜನ ಅವರು. ಇದಕ್ಕಿಂತ ಭಯಾನಕ ದೃಶ್ಯ ಕನ್ನಡ ಸಿನಿಮಾದಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ತೀರ್ಮಾನ. ಶಾಲೆಯ ಮಕ್ಕಳಿಗೆ ತೋರಿಸುವ ಮೇಷ್ಟ್ರುಗಳು ಈ ದೃಶ್ಯದ ನಂತರ ಸ್ವಲ್ಪ ಹೊತ್ತು ಸುಮ್ಮನಿರಿ, ಪಾಠ ಮಾಡಬೇಡಿ.

ನಮ್ಮ ಸೀಮೆಯದೇ ಇನ್ನೊಂದು ಕಥೆಯಿದೆ, ಅದರ ಸಿನಿಮಾ ನಾನಿನ್ನೂ ನೋಡಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಮನೆಯ ಕೆಡುಕನ್ನು ಅವರ ಮೈಗೆ ದಾಟಿಸುವ ಅಜಲು. ಅದನ್ನು ನಿಷೇಧಿಸಲು ಸರ್ಕಾರ ಕಾನೂನು ತಂದದ್ದು 2000ದಲ್ಲಿ. ಭೂತ ಬಿಡಿಸುವುದು ಎಂದರೆ ಏನೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ: ಉಳ್ಳವನ ಹೆದರಿಕೆಯನ್ನು ಇಲ್ಲದವನ ಹೊಟ್ಟೆಗೆ ತುರುಕುವುದು.

ಇದಕ್ಕೆ ಹತ್ತಿರ ಬರುವ ಸಿನಿಮಾ ರಾಹುಲ್ ಸದಾಶಿವನ್ ಅವರ ಮಲಯಾಳ ಚಿತ್ರ 'ಭ್ರಮಯುಗಂ' (2024). ಪೂರ್ತಿ ಕಪ್ಪುಬಿಳುಪು. ಹದಿನೇಳನೇ ಶತಮಾನದ ಮಲಬಾರು. ಪಾಣನ್ ಜಾತಿಯ ಹಾಡುಗಾರ ತೇವನ್ ಹಸಿದು ಒಂದು ಪಾಳು ಮನೆಗೆ ಬರುತ್ತಾನೆ. (ಆ ಜಾತಿಯ ಹೆಸರು ಕೇಳಿದಾಗ ಕುಂದಾಪುರದ ಕಡೆಯವರಿಗೆ ನಮ್ಮ ಪಾಣಾರರು ನೆನಪಾಗದೆ ಇರರು.) ಮನೆಯೊಡೆಯ ಪೋಟ್ಟಿ, ಮಮ್ಮುಟ್ಟಿ ಆ ಪಾತ್ರ ಮಾಡಿದ್ದಾರೆ, ಅವನನ್ನು ಬೈಯುವುದಿಲ್ಲ, ದೂರ ನಿಲ್ಲಿಸುವುದಿಲ್ಲ. ಒಳಗೆ ಕರೆದು ಉಣ್ಣಿಸುತ್ತಾನೆ. ಆಮೇಲೆ ಪಗಡೆಗೆ ಕೂರಿಸುತ್ತಾನೆ. ಪಣ ಏನು? ತೇವನ್‌ನ ಆಯುಷ್ಯದ ಹೊತ್ತು. ಸೋತ ಮೇಲೆ ಬಾಗಿಲು ತೆರೆದೇ ಇದ್ದರೂ ಅವನು ಹೋಗಲಾರ. ಜೀತ ಅಂದರೆ ಇದೇ ಅಲ್ಲವೇ? ಚೋಮನ ಕಾಫಿ ತೋಟದ ಸಾಲವೂ ಹೀಗೇ, ದುಡಿದಷ್ಟೂ ತೀರುವುದಿಲ್ಲ. 1976ರಲ್ಲಿ ಜೀತ ರದ್ದತಿ ಕಾಯಿದೆ ಬಂತು. ಆ ಪಗಡೆಯ ಮಣೆಯನ್ನು ಯಾರೂ ಇನ್ನೂ ಮಡಚಿಟ್ಟಿಲ್ಲ.

'ಘಟಶ್ರಾದ್ಧ' (1977) ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ದೆವ್ವವನ್ನು ತಯಾರಿಸುವ ವಿಧಿ ಇದು. ಕಾಸರವಳ್ಳಿಯವರ ಈ ಚಿತ್ರದ ಹೊಸ ಪ್ರತಿ 2024ರಲ್ಲಿ ವೆನಿಸ್ಸಿನಲ್ಲಿ ತೆರೆಕಂಡಿತು. ನಮ್ಮ ಊರುಗಳಿಗೂ ಬರಲಿ.

ಕೊನೆಗೆ ಒಂದು ಹೊರಗಿನದು, ಜಾರ್ಜ್ ರೊಮೆರೊನ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968). ಕಾಪಿರೈಟಿನ ಸಾಲು ಹಾಕದೆ ಬಿಡುಗಡೆ ಮಾಡಿದ್ದರಿಂದ ಅಮೆರಿಕದಲ್ಲಿ ಅದು ಯಾರ ಸೊತ್ತೂ ಅಲ್ಲ, ಸುಲಭವಾಗಿ ಸಿಗುತ್ತದೆ. ಹೆಣಗಳು ಎದ್ದು ಮನೆಯೊಂದನ್ನು ಸುತ್ತುತ್ತವೆ, ಒಳಗಿರುವವರಲ್ಲಿ ಬುದ್ಧಿ ನೆಟ್ಟಗಿರುವವನು ಬೆನ್ ಎಂಬ ಕಪ್ಪುಜನರ ಯುವಕ. ರಾತ್ರಿಯಿಡೀ ಹೋರಾಡುತ್ತಾನೆ. ಬೆಳಗಾಗುತ್ತದೆ, ಬಂದೂಕು ಹಿಡಿದ ಬಿಳಿಯರ ಗುಂಪು ಬರುತ್ತದೆ. ಮುಂದಿನದು ಹೇಳುವುದಿಲ್ಲ. ಕೊನೆಯಲ್ಲಿ ಕೆಲವು ಸ್ಥಿರಚಿತ್ರಗಳು ಬರುತ್ತವೆ, ಅವು ಮುಗಿಯುವ ತನಕ ದೀಪ ಹಾಕಬೇಡಿ.