ರೋಬಾಟ್ 'ಸಹಕಾರಿ' ಆಗುವುದು ಯಾವಾಗ?

ಕಾರ್ಖಾನೆಯಲ್ಲಿ ಸುತ್ತ ಬೇಲಿಯಿಲ್ಲದೆ, ಕೆಲಸಗಾರರ ಪಕ್ಕದಲ್ಲೇ ನಿಂತು ದುಡಿಯುವ ರೋಬಾಟಿಗೆ 'ಕೋಬಾಟ್' ಅಥವಾ ಸಹಕಾರಿ ರೋಬಾಟ್ ಎಂದು ಹೆಸರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಐಟಿಐ, ಡಿಪ್ಲೊಮಾ ಓದಿದ ಮಕ್ಕಳು ಕೆಲಸಕ್ಕಾಗಿ ಮೈಸೂರು, ನಂಜನಗೂಡು, ಬಿಡದಿಯ ಕಾರ್ಖಾನೆಗಳತ್ತ ನೋಡುತ್ತಾರೆ. ಅವರಿಗೆ ಈ ಯಂತ್ರವನ್ನು ಪರಿಚಯಿಸುವಾಗ ನಾವು ಸಾಮಾನ್ಯವಾಗಿ ಎರಡು ಮಾತು ಹೇಳುತ್ತೇವೆ: 'ಇದು ಸುರಕ್ಷಿತ', 'ಇದು ಮನುಷ್ಯನ ಶ್ರಮವನ್ನು ಇಳಿಸುತ್ತದೆ'. ಎರಡೂ ಅರ್ಧ ಸತ್ಯಗಳು. ಉಳಿದ ಅರ್ಧವನ್ನು ಹೇಳದಿದ್ದರೆ ನಮ್ಮ ಪಾಠ ಜಾಹೀರಾತಾಗುತ್ತದೆ.

ಮೊದಲು ಹೆಸರನ್ನೇ ಪರಿಶೀಲಿಸೋಣ. 1996ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್ ರೂಪಿಸಿದ ಕೋಬಾಟ್ ತಾನಾಗಿ ಚಲಿಸುತ್ತಿರಲಿಲ್ಲ. ತಳ್ಳುವ ಬಲ ಮನುಷ್ಯನದು, ದಿಕ್ಕನ್ನು ತಿದ್ದುವುದಷ್ಟೇ ಯಂತ್ರದ ಕೆಲಸ. ಇಂದು ಅದೇ ಹೆಸರಿನಲ್ಲಿ ಮಾರಾಟವಾಗುವುದು ಮೋಟಾರಿನಿಂದ ತಾನೇ ಚಲಿಸುವ ಯಾಂತ್ರಿಕ ತೋಳು. ಡೆನ್ಮಾರ್ಕಿನ ಯುನಿವರ್ಸಲ್ ರೋಬಾಟ್ಸ್ ಸಂಸ್ಥೆ 2008ರಲ್ಲಿ ಇಂಥ ತೋಳನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಬಜಾಜ್ ಆಟೊ ಸಂಸ್ಥೆ 2010ರಲ್ಲೇ ಇವನ್ನು ಬಳಕೆಗೆ ತಂದಿತು. ಹೆಸರು ಹಳೆಯದೇ ಉಳಿಯಿತು. ಆದರೆ ಬಲವನ್ನು ಒದಗಿಸುವವರು ಬದಲಾದರು.

ಬಲ ಯಂತ್ರದ್ದಾದ ಮೇಲೆ ಅದು ಮೈಗೆ ತಾಗಿದರೆ ಏನಾಗುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವಾಗಿ 2016ರಲ್ಲಿ ಐಎಸ್‌ಒ/ಟಿಎಸ್ 15066 ಎಂಬ ಅಂತರರಾಷ್ಟ್ರೀಯ ದಾಖಲೆ ಪ್ರಕಟವಾಯಿತು. ದೇಹದ 29 ಸ್ಥಾನಗಳನ್ನು ಗುರುತಿಸಿ, ಎಲ್ಲೆಲ್ಲಿ ಎಷ್ಟು ಬಲ ಮತ್ತು ಒತ್ತಡದವರೆಗೆ ತಾಗಬಹುದು ಎಂಬ ಮಿತಿಗಳನ್ನು ಅದು ಸೂಚಿಸಿತು. ಅದರ ಹಿಂದಿರುವುದು ಪದವಿಪೂರ್ವ ತರಗತಿಯ ಭೌತಶಾಸ್ತ್ರವೇ. ದೇಹದ ಭಾಗವನ್ನು ಒಂದು ಸ್ಪ್ರಿಂಗ್ ಎಂದು ಭಾವಿಸಿ, ಚಲನಶಕ್ತಿಯೆಲ್ಲ ಸ್ಪ್ರಿಂಗಿನಲ್ಲಿ ಸೇರಿತೆಂದುಕೊಂಡರೆ,

ಗರಿಷ್ಠ ಬಲ = ವೇಗ × √(ರೆಡ್ಯೂಸ್ಡ್ ಮಾಸ್ × ಸ್ಪ್ರಿಂಗ್ ಸ್ಥಿರಾಂಕ).

ತೋಳಿನ ಚಲಿಸುವ ಭಾಗ 20 ಕಿ.ಗ್ರಾಂ., ಅದು ಹಿಡಿದಿರುವ ವಸ್ತು 5 ಕಿ.ಗ್ರಾಂ. ಎಂದಿರಲಿ. ಚಲಿಸುವ ಭಾಗದ ಅರ್ಧಕ್ಕೆ ಹಿಡಿದ ವಸ್ತುವನ್ನು ಸೇರಿಸಿ, ಪರಿಣಾಮಕ ದ್ರವ್ಯರಾಶಿ 15 ಕಿ.ಗ್ರಾಂ. ಎಂದು ಲೆಕ್ಕ ಹಿಡಿಯುತ್ತಾರೆ. ವೇಗ ಸೆಕೆಂಡಿಗೆ 1 ಮೀಟರ್. ಅಂಗೈಗೆ ದಾಖಲೆ ಕೊಡುವ ಬೆಲೆಗಳು 0.6 ಕಿ.ಗ್ರಾಂ. ಮತ್ತು ಮಿಲಿಮೀಟರಿಗೆ 75 ನ್ಯೂಟನ್. ಎದೆಗೆ 40 ಕಿ.ಗ್ರಾಂ. ಮತ್ತು ಮಿಲಿಮೀಟರಿಗೆ 25 ನ್ಯೂಟನ್. ಲೆಕ್ಕ ಮಾಡಿ ನೋಡಿ. ಕೈಗೆ ಸುಮಾರು 208 ನ್ಯೂಟನ್, ಎದೆಗೆ ಸುಮಾರು 522 ನ್ಯೂಟನ್ ಬರುತ್ತದೆ. ಕ್ಷಣಮಾತ್ರದ ಡಿಕ್ಕಿಗೆ ಎರಡಕ್ಕೂ ಇರುವ ಮಿತಿ 280 ನ್ಯೂಟನ್. ಎದೆ ಕೈಗಿಂತ ಮೆತ್ತಗಿದ್ದರೂ ಬಲ ಹೆಚ್ಚು. ಏಕೆಂದರೆ ಕೈ ಹಗುರ, ಹೊಡೆತ ಬಿದ್ದೊಡನೆ ಸರಿಯುತ್ತದೆ, ಮುಂಡ ಸರಿಯುವುದಿಲ್ಲ. ಅದೇ ಕೈ ಮೇಜಿಗೂ ತೋಳಿಗೂ ನಡುವೆ ಸಿಕ್ಕಿಕೊಂಡರೆ ಮಿತಿ 140 ನ್ಯೂಟನ್‌ಗೆ ಇಳಿಯುತ್ತದೆ.

ಹಾಗಾದರೆ ಈ ರೋಬಾಟ್ ಸುರಕ್ಷಿತವೋ ಅಲ್ಲವೋ? ಪ್ರಶ್ನೆಯೇ ಸರಿಯಿಲ್ಲ. ಯಾವ ಅಂಗ, ಎಷ್ಟು ವೇಗ, ಹಿಂದೆ ಮೇಜಿದೆಯೋ ಇಲ್ಲವೋ ಎಂದು ಹೇಳದೆ ಉತ್ತರವಿಲ್ಲ. ತೋಳಿನ ತುದಿಗೆ ಚಾಕು ಕಟ್ಟಿದರಂತೂ 100 ನ್ಯೂಟನ್ ಬಲವೂ ಅಪಾಯವೇ. 1 ಚ.ಸೆಂ.ಮೀ. ಮೇಲೆ ಹರಡಿದಾಗ 10 ಲಕ್ಷ ಪ್ಯಾಸ್ಕಲ್ ಇರುವ ಒತ್ತಡ, ಅದರ ಇಪ್ಪತ್ತನೆಯ ಒಂದು ಭಾಗದ ಅಂಚಿನಲ್ಲಿ 2 ಕೋಟಿ ಪ್ಯಾಸ್ಕಲ್ ಆಗುತ್ತದೆ. 2025ರಲ್ಲಿ ಪರಿಷ್ಕೃತವಾದ ಐಎಸ್‌ಒ 10218 ಮಾನಕ ಈ ಕಾರಣಕ್ಕೇ 'ಸಹಕಾರಿ ರೋಬಾಟ್' ಎಂಬ ಪದವನ್ನು ಕೈಬಿಟ್ಟಿದೆ. ಸಹಕಾರಿ ಎನ್ನಬಹುದಾದದ್ದು ಯಂತ್ರವನ್ನಲ್ಲ, ಅದನ್ನು ಬಳಸುವ ಇಡೀ ವ್ಯವಸ್ಥೆಯನ್ನು ಎಂಬುದು ಅದರ ನಿಲುವು. ನಮ್ಮ ಪಾಠಗಳು ಇನ್ನೂ ಹಳೆಯ ಪದದಲ್ಲೇ ನಿಂತಿವೆ.

ಇನ್ನು 'ಶ್ರಮ ಇಳಿಸುತ್ತದೆ' ಎಂಬ ಮಾತು. ದಿನವಿಡೀ ಒಂದೇ ಬಗೆಯ ಸ್ಕ್ರೂ ತಿರುಗಿಸುವ ಕೈಗೆ ಈ ಯಂತ್ರ ನಿಜವಾಗಿ ಆಸರೆಯಾಗಬಲ್ಲದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಶ್ರಮ ಎಂದರೆ ಭಾರ ಎತ್ತುವುದಷ್ಟೇ ಅಲ್ಲ. ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಬಲ್ಲ ಕೆಲಸವೊಂದರಿಂದಲೇ ಇದನ್ನು ವಿವರಿಸಬಹುದು: ಹೊಗೆಸೊಪ್ಪಿನ ಬ್ಯಾರನ್ ಕೆಲಸ. ಮುರಿದು ತಂದ ಹಸಿ ಎಲೆಯನ್ನು ಕೋಲಿಗೆ ದಾರದಿಂದ ಕಟ್ಟಬೇಕು. ಈ ಕೆಲಸ ಹೆಚ್ಚಾಗಿ ಹೆಂಗಸರದು. ಕಟ್ಟಿದ ಕೋಲುಗಳನ್ನು ಬ್ಯಾರನ್ ಒಳಗೆ ಹತ್ತಿ ಸಾಲುಸಾಲಾಗಿ ಏರಿಸಬೇಕು. ಮುಂದೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯುತ್ತ, ಶಾಖವನ್ನು ಹಂತಹಂತವಾಗಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಒಯ್ಯಬೇಕು. ಇಲ್ಲಿನ ಅಪಾಯಗಳನ್ನು ಪಟ್ಟಿ ಮಾಡಿ: ಎತ್ತರ, ಶಾಖ, ನಿದ್ದೆಗೇಡು, ಒದ್ದೆ ಎಲೆಯಿಂದ ಚರ್ಮದ ಮೂಲಕ ಮೈಸೇರುವ ನಿಕೊಟಿನ್. ಇವುಗಳಲ್ಲಿ ಒಂದನ್ನೂ ನ್ಯೂಟನ್‌ಗಳಲ್ಲಿ ಅಳೆಯಲಾಗದು. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ನಿಖರವಾಗಿ ಹೋದ ಜಾಗಕ್ಕೇ ಹೋಗಬಲ್ಲ ತೋಳಿಗೆ, ಒಂದರಂತೆ ಇನ್ನೊಂದಿಲ್ಲದ ಅಂಟು ಎಲೆಯನ್ನು ಹರಿಯದೆ ಹಿಡಿಯುವುದು ಕಷ್ಟ. ಆ ಹೆಣ್ಣುಮಗಳ ಬೆರಳು ಅದನ್ನು ನೋಡದೆಯೇ ಮಾಡುತ್ತದೆ.

ಬ್ಯಾರನ್ನಿಗೆ ರೋಬಾಟ್ ತರಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿಂದ ಕಲಿತ ಪಟ್ಟಿಯನ್ನು ಕಾರ್ಖಾನೆಗೂ ಒಯ್ಯಬೇಕು ಎನ್ನುತ್ತಿದ್ದೇನೆ. ರೋಬಾಟ್ ನಿಮಿಷಕ್ಕೆ ಎಂಟು ಬಿಡಿಭಾಗ ಮುಂದಿಟ್ಟರೆ ಪಕ್ಕದವರೂ ನಿಮಿಷಕ್ಕೆ ಎಂಟನ್ನು ಜೋಡಿಸಬೇಕು. ತೋಳು ಯಾರಿಗೂ ತಾಗದಿರಬಹುದು, ಮಾನಕದ ಮಿತಿಯೊಳಗೇ ಇರಬಹುದು. ಆದರೂ ಸಂಜೆಯ ಹೊತ್ತಿಗೆ ಹೆಗಲು ಸೋತಿರುತ್ತದೆ. ಅಲ್ಲಿ ಯಂತ್ರಕ್ಕೆ ಸಹಕರಿಸಿದವರು ಮನುಷ್ಯರೇ.

ಉಪಾಧ್ಯಾಯ ಮಿತ್ರರಲ್ಲಿ ಒಂದು ವಿನಂತಿ. ಕೋಬಾಟ್ ಪಾಠವನ್ನು ಚಿತ್ರ ತೋರಿಸಿ ಮುಗಿಸಬೇಡಿ. ಮೇಲಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಎದೆಗೆ ತಾಗುವ ಬಲ 280 ನ್ಯೂಟನ್ ಮೀರದಂತೆ ವೇಗ ಎಷ್ಟಿರಬೇಕೆಂದು ಕೇಳಿ. ಸೆಕೆಂಡಿಗೆ ಸುಮಾರು 0.54 ಮೀಟರ್ ಎಂದು ಅವರೇ ಕಂಡುಕೊಳ್ಳುತ್ತಾರೆ. ಆಮೇಲೆ ಸೂತ್ರದಲ್ಲಿಲ್ಲದ ಮೂರು ಪ್ರಶ್ನೆಗಳನ್ನು ಕೇಳಿ: ತುದಿಯಲ್ಲಿರುವ ಸಲಕರಣೆ ಯಾವುದು? ಕೆಲಸದ ವೇಗವನ್ನು ಗೊತ್ತುಮಾಡುವವರು ಯಾರು? ಸಾಕಾದಾಗ ಅದನ್ನು ನಿಧಾನಿಸುವ ಅಧಿಕಾರ ಪಕ್ಕದಲ್ಲಿ ನಿಂತವರಿಗೆ ಇದೆಯೇ? ನಾಳೆ ಆ ತೋಳಿನ ಪಕ್ಕದಲ್ಲಿ ನಿಲ್ಲಬೇಕಾದವರು ಇದೇ ಮಕ್ಕಳು. ಉತ್ತರ ಕೇಳಿ ಪಡೆಯುವ ಅಭ್ಯಾಸ ಅವರಿಗೆ ತರಗತಿಯಲ್ಲೇ ಆಗಲಿ.